ಅಣು, ಪರಮಾಣು ಮತ್ತು ನನ್ನ ವಾರಗಿತ್ತಿ

ನನ್ನ ವಾರಗಿತ್ತಿಗೆ ಸೊನ್ನೆ ಎಂದು ಹೆಸರಿಟ್ಟವಳು ನಾನೇ. ಅವಳು ಅಚ್ಚುಮನೆಗೆ ಕೆಲಸಕ್ಕೆ ಬಂದ ಮೊದಲ ದಿನವೇ, ನಾನು ಎರಡು ಸಲ ಓದಿ ಸಹಿ ಹಾಕಿ ಕಳಿಸಿದ್ದ ಪುಸ್ತಕವೊಂದರ ರಕ್ಷಾಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಇಲ್ಲೊಂದು ಸೊನ್ನೆ ಬೇಕಲ್ವಾ ಎಂದು ಕೇಳಿದಳು. ‘ಸಂಗ್ರಹ’ ಎಂದಿರಬೇಕಾದದ್ದು ‘ಸಗ್ರಹ’ ಆಗಿತ್ತು. ಹೆಬ್ಬೆರಳಿನಷ್ಟು ದಪ್ಪದ ಅಕ್ಷರಗಳು. ಅಚ್ಚಿನ ಮೊಳೆ ಜೋಡಿಸುವವರಿಂದ ಹಿಡಿದು ಯಜಮಾನರವರೆಗೆ ಎಲ್ಲರೂ ನೋಡಿದ್ದರು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ನಗುನಗುತ್ತಲೇ, ‘ಬಂದ್ಳಪ್ಪಾ ನಮ್ಮ ಸೊನ್ನೆ’ ಎಂದೆ. ಸೊನ್ನೆ ಅಂದರೆ ಏನೂ ಇಲ್ಲದವಳು ಎಂಬ ಅರ್ಥ ಎಲ್ಲರ ತಲೆಗೆ ಹೋಗಲಿ ಎಂದೇ ಅಂದದ್ದು. ವಾರ ಕಳೆಯುವುದರೊಳಗೆ ಇಡೀ ಅಚ್ಚುಮನೆ ಅವಳನ್ನು ‘ಸೊನ್ನೆಯವರೇ’ ಎಂದು ಬಹುವಚನ ಹಚ್ಚಿ ಕರೆಯತೊಡಗಿತು. ಮುಖ್ಯವಾದ ಹಾಳೆ ಬಂದರೆ, ‘ಸೊನ್ನೆಯವರು ನೋಡಿದ್ರಾ?’ ಎಂದು ಕೇಳುತ್ತಿದ್ದರು. ನಾನು ಅಲ್ಲಿ ಹದಿನಾಲ್ಕು ವರ್ಷದಿಂದ ಪ್ರೂಫ್ ಓದುತ್ತಿದ್ದೆ. ನನ್ನನ್ನು ಯಾರೂ ಹಾಗೆ ಕೇಳಿದ್ದಿಲ್ಲ.

ನನಗಾದದ್ದಕ್ಕೆ ಅಸೂಯೆ ಎಂದು ಬರೆದರೆ ಅಚ್ಚುಕಟ್ಟಾಗಿ ಕಾಣುತ್ತದೆ. ಮತ್ಸರ ಎಂದರೆ ಇನ್ನೂ ಗೌರವ. ಆದರೆ ಪದ ತಿದ್ದಿ ಅನ್ನ ತಿಂದವಳು ನಾನು, ಪದದ ವಿಷಯದಲ್ಲಿ ಸುಳ್ಳು ಹೇಳಬಾರದು. ನನಗಾದದ್ದು ಹೊಟ್ಟೆಕಿಚ್ಚು.

ಅವಳು ಗಡಿಯಾರ ರಿಪೇರಿ ಮಾಡುವವನ ಮಗಳು. ಚಿಕ್ಕಂದಿನಿಂದ ಅಪ್ಪನ ಮೇಜಿನ ಪಕ್ಕ ಕೂತು, ಬಿಳಿ ಬಟ್ಟೆಯ ಮೇಲೆ ಬಿದ್ದ ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಹೆಕ್ಕಿ ಕೊಟ್ಟು ಬೆಳೆದವಳು. ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನ ಓದಿದ್ದಳು. ಅಪ್ಪನ ಕೈ ನಡುಗಲು ಶುರುವಾದಾಗ ಓದು ಬಿಟ್ಟು ಅಂಗಡಿಯಲ್ಲಿ ಕೂತಳು. ನನ್ನ ಮೈದುನ ಗಡಿಯಾರಕ್ಕೆ ಪಟ್ಟಿ ಹಾಕಿಸಲು ಹೋದವನು ತಿಂಗಳಲ್ಲಿ ನಾಲ್ಕು ಸಲ ಪಟ್ಟಿ ಬದಲಾಯಿಸಿದ. ನಮಗೆಲ್ಲ ಅರ್ಥವಾಯಿತು. ಮದುವೆಯಾಗಿ ಬಂದವಳು ಕುಳ್ಳಗೆ, ತೆಳ್ಳಗೆ, ಮೂಗಿನ ಮೇಲೆ ಜಾರುವ ಕನ್ನಡಕ. ರೂಪದಲ್ಲಿ ನನಗೆ ಸಾಟಿಯಲ್ಲ ಎಂದು ಅವತ್ತು ಸಮಾಧಾನ ಪಟ್ಟುಕೊಂಡಿದ್ದೆ.

ಆ ಸಮಾಧಾನ ಹೆಚ್ಚು ದಿನ ಬಾಳಲಿಲ್ಲ. ನಮ್ಮ ಮಾವನವರಿಗೆ ಕಣ್ಣು ಮಂಜಾದ ಮೇಲೆ ಎಂಟು ವರ್ಷ ಬೆಳಗಿನ ಪತ್ರಿಕೆ ಓದಿ ಹೇಳಿದವಳು ನಾನು. ಒಂದು ಅಕ್ಷರ ಬಿಡದೆ ಓದುತ್ತಿದ್ದೆ. ಒಂದು ದಿನ ನನಗೆ ಜ್ವರ ಬಂತು, ಅವಳು ಓದಿದಳು. ಮರುದಿನ ನಾನು ಪತ್ರಿಕೆ ಹಿಡಿದು ಕೂತರೆ ಮಾವನವರು ಮೆಲ್ಲಗೆ, ನಿನಗೆ ಅಡಿಗೆಮನೆಯಲ್ಲಿ ಕೆಲಸವಿರುತ್ತದೆ, ಚಿಕ್ಕವಳೇ ಓದಲಿ ಬಿಡು ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು: ನೀನು ಓದಿದರೆ ಕೇಳಿಸುತ್ತದೆ, ಅವಳು ಓದಿದರೆ ತಿಳಿಯುತ್ತದೆ. ಆಮೇಲೆ ನನ್ನ ಮಗಳು. ಒಂಬತ್ತು ವರ್ಷದ ಚೋಟುದ್ದದ ಹುಡುಗಿ, ಹೋಂವರ್ಕ್ ಪುಸ್ತಕ ಎತ್ತಿಕೊಂಡು ನನ್ನ ಮುಂದೆಯೇ ದಾಟಿ ಚಿಕ್ಕಮ್ಮನ ಕೋಣೆಗೆ ಹೋಗತೊಡಗಿತು.

ಅವಳ ಮೇಲೆ ಸಿಟ್ಟಾಗುವುದೂ ಸುಲಭವಿರಲಿಲ್ಲ. ಪ್ರೂಫ್ ಓದುವಾಗ ವಿರಾಮಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳುವ ಅಭ್ಯಾಸ ಅವಳದು. ಅದನ್ನು ಮನೆಗೂ ತಂದಳು. ‘ಅಕ್ಕ ಅಲ್ಪವಿರಾಮ ಊಟಕ್ಕೆ ಬನ್ನಿ ಪೂರ್ಣವಿರಾಮ’ ಎಂದು ಅಡಿಗೆಮನೆಯಿಂದ ಕರೆದರೆ ಅತ್ತೆ ಸಹ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಕ್ಕ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಅಚ್ಚುಮನೆಯಲ್ಲಿ ನಮ್ಮದು ಮಹಡಿಯ ಉದ್ದನೆಯ ಕೋಣೆ. ಕೆಳಗೆ ಯಂತ್ರ ಓಡಿದರೆ ನೆಲ ಅದುರುತ್ತಿತ್ತು, ಮಸಿಡಬ್ಬಿಯೊಳಗಿನ ಮಸಿಯಲ್ಲಿ ಉಂಗುರಗಳೇಳುತ್ತಿದ್ದವು. ಕಿಟಕಿಯ ಪಕ್ಕ ದಿಂಬು ಹಾಕಿದ ಕುರ್ಚಿ, ಅದರಲ್ಲಿ ನಮ್ಮ ಹಿರಿಯರು. ಪ್ರೂಫ್ ವಿಭಾಗಕ್ಕೆಲ್ಲ ಅವರೇ ಮುಖ್ಯ. ಅವರ ಹಿಂದಿನ ಗೋಡೆಗೆ ಅವರೇ ಬರೆದು ಅಂಟಿಸಿದ್ದ ನಿಯಮಗಳು. ಮೊದಲನೆಯದು: ಒಂದು ಪುಸ್ತಕಕ್ಕೆ ಒಂದೇ ರೂಪ. ಒಂದು ಪುಟದಲ್ಲಿ ‘ಅಡಿಗೆ’, ಇನ್ನೊಂದರಲ್ಲಿ ‘ಅಡುಗೆ’ ಇರಕೂಡದು. ಎರಡನೆಯದು: ಮೊದಲ ಓದು ಅಕ್ಷರಕ್ಕೆ, ಎರಡನೆಯ ಓದು ಅರ್ಥಕ್ಕೆ. ಹಸ್ತಪ್ರತಿಯನ್ನು ಕೆಂಪು ಮಸಿಯಲ್ಲಿ ಹದಮಾಡಿ ಮೊಳೆ ಜೋಡಿಸಲು ಕೊಡುವುದು ನನ್ನ ಕೆಲಸ. ಜೋಡಿಸಿ ಬಂದ ಪ್ರೂಫನ್ನು ಅರ್ಥ ನೋಡಿ ಓದುವುದು ಅವಳ ಕೆಲಸ. ಹಿರಿಯರು ಆ ವರ್ಷದ ಕೊನೆಗೆ ಬಿಡುವವರಿದ್ದರು. ಆ ಕುರ್ಚಿ ನಮ್ಮಿಬ್ಬರಲ್ಲಿ ಒಬ್ಬರಿಗೆ ಎಂದು ಯಜಮಾನರು ಹೇಳಿಯಾಗಿತ್ತು. ಈ ವರ್ಷದ ದೊಡ್ಡ ಕೆಲಸ ಮೇಷ್ಟ್ರ ವಿಜ್ಞಾನದ ಪುಸ್ತಕ, ಅದು ಹೇಗೆ ಹೊರಗೆ ಬರುತ್ತದೋ ನೋಡೋಣ ಎಂದಿದ್ದರು.

ನನಗೆ ಆ ಕುರ್ಚಿ ಬೇಕಿತ್ತು. ಮನೆಯಲ್ಲಿ ಮಾವನವರ ಪತ್ರಿಕೆ ಹೋಯಿತು, ಮಗಳ ಹೋಂವರ್ಕ್ ಹೋಯಿತು. ಕುರ್ಚಿಯೂ ಹೋದರೆ ನನ್ನದು ಎಂದು ಹೇಳಿಕೊಳ್ಳಲು ಇನ್ನೇನು ಉಳಿಯುತ್ತದೆ?

ಮೇಷ್ಟ್ರು ನಿವೃತ್ತರು, ದೊಡ್ಡ ಹೆಸರು, ಇರುವೆ ಸಾಲಿನಂಥ ಕೈಬರಹ. ಪುಸ್ತಕದ ನಡುವಿನ ಅಧ್ಯಾಯ, ಪರಮಾಣುವನ್ನು ಜನ ಒಪ್ಪಲು ಯಾಕಷ್ಟು ತಡವಾಯಿತು ಎನ್ನುವುದು. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಹೇಳಿದನಂತೆ, ಯಾವ ವಸ್ತುವನ್ನಾದರೂ ತುಂಡು ಮಾಡುತ್ತಾ ಹೋದರೆ ಕೊನೆಗೆ ತುಂಡಾಗದ ಚೂರು ಉಳಿಯುತ್ತದೆ, ಚೂರುಗಳ ನಡುವೆ ಇರುವುದು ಬರೀ ಖಾಲಿ ಜಾಗ ಎಂದು. ತೋರಿಸು ಎಂದರೆ ತೋರಿಸಲು ಅವನ ಕೈಯಲ್ಲಿ ಏನೂ ಇರಲಿಲ್ಲ. ಅವನ ನಂತರ ಬಂದ ಭಾರೀ ಪಂಡಿತ, ಖಾಲಿ ಜಾಗ ಎನ್ನುವುದೇ ಇಲ್ಲ, ಇಲ್ಲಿರುವುದೆಲ್ಲ ಮಣ್ಣು ನೀರು ಗಾಳಿ ಬೆಂಕಿ ಎಂದ. ಮಣ್ಣು ನೀರು ಕಣ್ಣಿಗೆ ಕಾಣುತ್ತವೆ, ಹೇಳಿದವನೂ ದೊಡ್ಡವನು, ಜನ ಅವನ ಕಡೆಗೇ ವಾಲಿದರು. ಹತ್ತೊಂಬತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಪಾಠ ಹೇಳಿ ಬದುಕುತ್ತಿದ್ದ ಒಬ್ಬ, ತೂಕದ ಲೆಕ್ಕ ಹಿಡಿದು ಪರಮಾಣುವನ್ನು ಮತ್ತೆ ಎಬ್ಬಿಸಿ ಕೂರಿಸಿದ. ಆಗ ಇನ್ನೊಂದು ತೊಡಕು. ಎರಡು ಪಾತ್ರೆ ಜಲಜನಕ, ಒಂದು ಪಾತ್ರೆ ಆಮ್ಲಜನಕ ಸೇರಿಸಿದರೆ ಎರಡು ಪಾತ್ರೆ ಹಬೆ ಬರುತ್ತದೆ. ಒಂದು ಪಾತ್ರೆ ಆಮ್ಲಜನಕ ಎರಡು ಪಾತ್ರೆ ಹಬೆಗೆ ಹಂಚಿಹೋಗಬೇಕಾದರೆ ಅದರ ಪ್ರತಿ ಚೂರೂ ಎರಡಾಗಬೇಕು. ತುಂಡಾಗದ್ದು ತುಂಡಾಗುವುದು ಹೇಗೆ? ಒಬ್ಬ ಉತ್ತರ ಕೊಟ್ಟ: ಗಾಳಿಯಲ್ಲಿ ಓಡಾಡುವುದು ಒಂಟಿ ಪರಮಾಣುವಲ್ಲ, ಜೋಡಿ. ಆ ಜೋಡಿ ಅಣು. ಒಡೆಯುವುದು ಅಣು, ಪರಮಾಣುವಲ್ಲ. ಒಂದೇ ಜಾತಿಯ ಎರಡು ಚೂರು ಒಂದಕ್ಕೊಂದು ಅಂಟಲಾರವು ಎಂದು ದೊಡ್ಡವರು ತಲೆ ಕೊಡವಿದರು. ಅವನ ಮಾತು ಐವತ್ತು ವರ್ಷ ಮೂಲೆಯಲ್ಲಿ ಬಿದ್ದಿತ್ತು. ಅವನು ಸತ್ತು ನಾಲ್ಕು ವರ್ಷವಾದ ಮೇಲೆ ಅವನ ನಾಡಿನವನೇ ಒಬ್ಬ ಅದನ್ನು ದೊಡ್ಡ ಸಭೆಯಲ್ಲಿ ಮತ್ತೆ ಎತ್ತಿದ.

ಇದನ್ನೆಲ್ಲ ಈಗ ಬಿಡಿಸಿ ಹೇಳುತ್ತಿದ್ದೇನೆ. ಹಸ್ತಪ್ರತಿ ಕೈಗೆ ಬಂದಾಗ ನನಗೆ ಕಂಡದ್ದು ಇಷ್ಟೇ: ಒಂದು ಸಾಲಿನಲ್ಲಿ ಅಣು, ಮುಂದಿನ ಸಾಲಿನಲ್ಲಿ ಪರಮಾಣು. ನಾವು ಅಣುಬಾಂಬು ಎನ್ನುತ್ತೇವೆ, ಅಣುಶಕ್ತಿ ಎನ್ನುತ್ತೇವೆ. ಆಪ್ತನನ್ನು ಪರಮಾಪ್ತ ಎಂದ ಹಾಗೆ ಮೇಷ್ಟ್ರು ಅಲ್ಲಲ್ಲಿ ಸ್ವಲ್ಪ ಜೋರು ಕೊಟ್ಟು ಬರೆದಿದ್ದಾರೆ ಎಂದುಕೊಂಡೆ. ಒಂದು ಪುಸ್ತಕಕ್ಕೆ ಒಂದೇ ರೂಪ. ಅಣು ಚಿಕ್ಕದು, ಸಾಲು ಉಳಿಯುತ್ತದೆ, ಮೊಳೆ ಜೋಡಿಸುವವರಿಗೂ ಸುಖ. ಕೆಂಪು ಮಸಿ ತೆಗೆದುಕೊಂಡು ಅಧ್ಯಾಯದ ಉದ್ದಕ್ಕೂ ‘ಪರಮ’ ಹೊಡೆದುಹಾಕಿದೆ. ಶೀರ್ಷಿಕೆಯಲ್ಲೂ ಬಿಡಲಿಲ್ಲ. ಎಂಬತ್ತಮೂರು ಕಡೆ. ಎಂಥ ಕಟ್ಟುನಿಟ್ಟಿನ ಕೆಲಸ ಎಂದು ಬೀಗಿದೆ ಕೂಡ.

ಎರಡು ವಾರದ ನಂತರ ಒಂದು ಬೆಳಗ್ಗೆ ನಾನು ಅಡಿಗೆಮನೆಯಲ್ಲಿ ಡಬ್ಬಿಗೆ ಅನ್ನ ತುಂಬುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎನ್ನುವ ಹಾಗೆ ಕನ್ನಡಕ ಮೇಲೇರಿಸಿಕೊಂಡಳು.

‘ಅಕ್ಕಾ, ಮೇಷ್ಟ್ರ ಪುಸ್ತಕದಲ್ಲಿ ಒಂದು ಸಾಲು ಹೀಗಿದೆ. ಒಡೆಯುವುದು ಅಣು, ಅಣುವಲ್ಲ. ಏನಿದು?’

ನನಗೆ ನಗು ಬಂತು, ಆಮೇಲೆ ನಾನೇ ಹೊಡೆದುಹಾಕಿದ ‘ಪರಮ’ ನೆನಪಾಯಿತು. ಮೇಷ್ಟ್ರು ಬರೆದದ್ದು, ನಮಗೇನು ಗೊತ್ತು ಎಂದೆ. ಅವಳು ಹೊಸಿಲಿನಾಚೆ ಹೋಗಿ ನನ್ನ ಮಗಳ ಚಪ್ಪಲಿ ಜೊತೆಯನ್ನು ಎತ್ತಿಕೊಂಡು ಬಂದಳು.

‘ನೋಡಿ, ಇದು ಒಂದು ಜೊತೆ. ಒಂದೊಂದು ಚಪ್ಪಲಿ ಒಬ್ಬೊಬ್ಬರಿಗೆ ಕೊಡ್ತೀನಿ ಅಂದ್ರೆ ಜೊತೆ ಒಡೀತು. ಚಪ್ಪಲಿ ಹರೀಲಿಲ್ಲ. ಜೊತೆ ಅಂದ್ರೆ ಅಣು, ಚಪ್ಪಲಿ ಅಂದ್ರೆ ಪರಮಾಣು. ಎರಡಕ್ಕೂ ಒಂದೇ ಹೆಸರು ಇಟ್ರೆ, ಒಡೀತು ಅಂತಾನೂ ಆಯ್ತು, ಒಡೀಲಿಲ್ಲ ಅಂತಾನೂ ಆಯ್ತು. ಮೊದಲು ಜನಕ್ಕೂ ಇದೇ ಗೊಂದಲ ಆಗಿದ್ದಂತೆ, ಅದಕ್ಕೇ ಒಪ್ಪೋಕೆ ಅಷ್ಟು ತಡ.’

ಅಡಿಗೆಮನೆಯಲ್ಲಿ ಚಪ್ಪಲಿ ಹಿಡಿದು ನಿಂತಿದ್ದಾಳಲ್ಲ ಎಂದು ಬೈಯಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಅರ್ಥವಾಗಿಬಿಟ್ಟಿತ್ತು. ಒಂದು ಜೊತೆ ಚಪ್ಪಲಿಯಲ್ಲಿ ಇಡೀ ಅಧ್ಯಾಯ ನನ್ನ ತಲೆಯೊಳಗೆ ಬೆಳಗಿತು. ಎಂಬತ್ತಮೂರು ಕಡೆ ನಾನು ಮಾಡಿದ್ದೇನು ಎನ್ನುವುದೂ ಅದೇ ಬೆಳಕಿನಲ್ಲಿ ಕಂಡಿತು. ಮಾವನವರು ಹೇಳಿದ್ದ ಮಾತು ನಿಜ, ಇವಳು ಹೇಳಿದರೆ ತಿಳಿಯುತ್ತದೆ. ಅದಕ್ಕೇ ನನ್ನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಅವಳು ತಪ್ಪು ಹೇಳಿದ್ದರೆ ಪ್ರೀತಿಯಿಂದ ತಿದ್ದುತ್ತಿದ್ದೆ.

ಪ್ರಶ್ನೆ ಇದ್ದರೆ ಹಾಳೆಯ ಅಂಚಿನಲ್ಲಿ ಬರೆಯಬೇಕಲ್ಲ, ಇಲ್ಲಿ ಯಾಕೆ ಕೇಳುತ್ತೀ ಎಂದೆ. ಹಸ್ತಪ್ರತಿಯಲ್ಲಿ ನಿಮ್ಮ ಕೆಂಪು ಮಸಿ ಕಂಡಿತು, ಅಂಚಿನಲ್ಲಿ ಬರೆದರೆ ಎಲ್ಲರೂ ಓದುತ್ತಾರೆ, ಅಕ್ಕನನ್ನೇ ಕೇಳಿ ಇಬ್ಬರೂ ಸೇರಿ ಸರಿಮಾಡೋಣ ಅನ್ನಿಸಿತು ಎಂದಳು. ನನ್ನ ಮರ್ಯಾದೆ ಕಾಯಲು ಬಂದಿದ್ದಳು. ಅದು ಇನ್ನೂ ಚುಚ್ಚಿತು. ಇವಳ ದಯೆಯಿಂದ ನಾನು ಕುರ್ಚಿ ಹತ್ತಬೇಕೇ?

‘ನೀನು ಎರಡು ವರ್ಷ ಕಾಲೇಜಿಗೆ ಹೋಗಿ ಬಂದವಳು. ಅವರು ನಲವತ್ತು ವರ್ಷ ಪಾಠ ಹೇಳಿದವರು. ಬಿಡು ಅದನ್ನ’ ಎಂದೆ.

ಅವಳು ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. ಅಪ್ಪನ ಮೇಜಿನ ಮೇಲೆ ತಿರುಪು ಹುಡುಕುತ್ತಿದ್ದಾಗ ಹಾಗೇ ನೋಡುತ್ತಿದ್ದಳೇನೋ. ‘ಆಯ್ತಕ್ಕ’ ಎಂದು ಚಪ್ಪಲಿಗಳನ್ನು ವಾಪಸ್ಸು ಜೊತೆಯಾಗಿ ಇಟ್ಟು ಬಂದು ತನ್ನ ಡಬ್ಬಿ ತುಂಬಿಕೊಂಡಳು. ಆ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋದೆವು. ಅವಳು ಅರ್ಥ ಸರಿಯಿದೆ ಎಂದು ಸಹಿ ಹಾಕಿದಳು. ಹಿರಿಯರು ನಮ್ಮ ಎರಡು ಸಹಿ ನೋಡಿ ಕಣ್ಣುಜ್ಜಿಕೊಂಡು ಮೂರನೆಯದು ಹಾಕಿದರು.

ಪುಸ್ತಕ ಮೂರು ಸಾವಿರ ಪ್ರತಿ ಅಚ್ಚಾಯಿತು. ಮೊದಲ ಪ್ರತಿಯನ್ನು ಮೇಷ್ಟ್ರ ಮನೆಗೆ ಕಳಿಸಿದ ಮರುದಿನವೇ ಅವರು ಕೋಲೂರಿಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು. ಕೂಗಾಡಲಿಲ್ಲ. ಯಜಮಾನರ ಮುಂದೆ ಪುಸ್ತಕ ಬಿಡಿಸಿಟ್ಟು ಆ ಒಂದು ಸಾಲನ್ನು ಗಟ್ಟಿಯಾಗಿ ಓದಿ, ನನಗೇ ಅರಳುಮರಳಾಯಿತೋ ಎಂದು ರಾತ್ರಿಯೆಲ್ಲ ಯೋಚಿಸಿದೆ ಎಂದರು. ಯಜಮಾನರು ಹಸ್ತಪ್ರತಿ ತರಿಸಿದರು. ನನ್ನ ಕೆಂಪು ಮಸಿ ನೋಡಿದರು. ಮೊದಲ ಓದು ಅಕ್ಷರಕ್ಕೆ, ನಿಯಮದಂತೆ ಒಂದೇ ರೂಪ ಮಾಡಿದ್ದಾರೆ, ಇವರನ್ನು ಏನನ್ನಲಿ ಎಂದರು. ಆಮೇಲೆ ಅವಳ ಕಡೆ ತಿರುಗಿ, ಅರ್ಥ ನೋಡುವುದು ನಿಮ್ಮ ಕೆಲಸವಲ್ಲವೇ, ಇದು ನಿಮಗೆ ಕಾಣಲಿಲ್ಲವೇ ಎಂದು ಕೇಳಿದರು.

ಅವಳು ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಆ ತಿಂಗಳ ಭಾನುವಾರಗಳನ್ನು ಎಣಿಸುತ್ತಿದ್ದೆ.

‘ಬಿಟ್ಟುಬಿಟ್ಟೆ ಸರ್’ ಎಂದಳು.

ಯಜಮಾನರ ಕಿವಿಗೆ ಅದು ‘ಬಿಟ್ಟುಹೋಯಿತು’ ಎಂದು ಕೇಳಿಸಿತು. ಕಣ್ಣುತಪ್ಪಿ ಬಿಟ್ಟುಹೋಗುವುದು ಬೇರೆ, ಕಂಡೂ ಬಿಟ್ಟುಬಿಡುವುದು ಬೇರೆ. ಆ ಕೋಣೆಯಲ್ಲಿ ಆ ವ್ಯತ್ಯಾಸ ಕೇಳಿಸಿದ್ದು ನನಗೊಬ್ಬಳಿಗೆ. ಬಾಯಿ ತೆರೆದು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು: ಅವಳು ಕೇಳಿದ್ದಳು, ನಾನೇ ಬಿಡು ಎಂದೆ. ಹೇಳಲಿಲ್ಲ. ಅದೇ ವಾರ ಕುರ್ಚಿ ನನಗೆ ಎಂದು ಗೊತ್ತಾಯಿತು. ಮನೆಯಲ್ಲಿ ಸಿಹಿ ಮಾಡಿದವಳು ಅವಳೇ.

ಅವಳನ್ನು ಕೆಳಗಿನ ಮೂಲೆಗೆ, ಔಷಧಿ ಸೀಸೆಗಳ ಚೀಟಿ ಅಚ್ಚು ಮಾಡುವ ಕಡೆಗೆ ಹಾಕಿದರು. ಅಲ್ಲಿ ಓದಲು ಏನಿದೆ, ದಿನಕ್ಕೆ ಮೂರು ಚಮಚ, ಊಟದ ನಂತರ, ಇಷ್ಟೇ. ಒಳಗೊಳಗೇ ಖುಷಿಪಟ್ಟೆ. ಒಂದು ವರ್ಷದೊಳಗೆ ಅವಳು ಒಂದು ಚೀಟಿಯಲ್ಲಿ ಅಂಕಿಗಳ ನಡುವಿನ ದಶಮಾಂಶದ ಚುಕ್ಕಿ ಜಾರಿ ಅರ್ಧ ಚಮಚ ಐದು ಚಮಚ ಆಗಿರುವುದನ್ನು ಯಂತ್ರ ನಿಲ್ಲಿಸಿ ಹಿಡಿದಳು. ಔಷಧಿ ಕಂಪನಿಯವರು ಖುದ್ದಾಗಿ ಬಂದು ಅವಳಿಗೆ ಕೈಮುಗಿದು ಹೋದರು. ನಾನು ದಿಂಬಿನ ಕುರ್ಚಿಯಲ್ಲಿ ಕೂತು, ಕೆಳಗಿನಿಂದ ಬರುವ ಚಪ್ಪಾಳೆ ಕೇಳಿದೆ. ಹನ್ನೆರಡು ವರ್ಷ ಅಲ್ಲೇ ಇದ್ದಳು. ಮೇಲಕ್ಕೆ ಬಾ ಎಂದು ಯಜಮಾನರು ಎರಡು ಸಲ ಕರೆದರಂತೆ, ಇಲ್ಲೇ ಚೆನ್ನಾಗಿದೆ ಎಂದಳಂತೆ. ಯಂತ್ರದವರಿಗೆಲ್ಲ ಬಿಡುವಿನಲ್ಲಿ ಏನಾದರೂ ಬಿಡಿಸಿ ಹೇಳುತ್ತಿದ್ದಳು. ಅವರ ನಗು ನಮ್ಮ ನೆಲದ ಹಲಗೆಯ ಸಂದಿಯಿಂದ ಮೇಲೆ ಬರುತ್ತಿತ್ತು.

ಆದರೆ ನಾನು ಹೇಳಬೇಕಾದದ್ದು ಅದಲ್ಲ. ಹೇಳಲು ಮನಸ್ಸಿಲ್ಲದೆ ಒಂದು ದಿನವನ್ನು ದಾಟಿಸಿ ಮುಂದೆ ಬಂದುಬಿಟ್ಟೆ. ಕುರ್ಚಿಯ ವಿಷಯ ಗೊತ್ತಾದ ಮಾರನೆಯ ವಾರ, ಮೂರು ಸಾವಿರ ಪುಸ್ತಕಕ್ಕೂ ತಪ್ಪು–ಒಪ್ಪು ಚೀಟಿ ಅಂಟಿಸಬೇಕಾಗಿತ್ತು. ಎಡಗಡೆ ‘ತಪ್ಪು’, ಬಲಗಡೆ ‘ಒಪ್ಪು’, ಕೆಳಗೆ ಎಂಬತ್ತಮೂರು ಸಾಲು. ಬೈಂಡಿಂಗ್ ಕೋಣೆಯ ನೆಲದ ಮೇಲೆ ಎಲ್ಲರೂ ಕೂತೆವು. ಮಧ್ಯಾಹ್ನದ ಊಟಕ್ಕೆ ಬೇರೆಯವರು ಎದ್ದುಹೋದರು, ನಾವಿಬ್ಬರೇ ಉಳಿದೆವು. ನಡುವೆ ಗೋಂದಿನ ಬಟ್ಟಲು. ಅವಳು ಚೀಟಿಯ ಅಂಚಿಗೆ ಗೋಂದು ಸವರುವುದು, ನಾನು ಅಂಟಿಸಿ ಒತ್ತುವುದು. ಬಹಳ ಹೊತ್ತು ಹಾಗೇ ನಡೆಯಿತು.

‘ಅಕ್ಕಾ’ ಎಂದಳು, ತಲೆ ಎತ್ತದೆ. ‘ಅವತ್ತು ಚಪ್ಪಲಿ ತಂದು ತೋರಿಸಿದ್ನಲ್ಲ. ಆಗ ನಿಮಗೆ ಅರ್ಥ ಆಗಿರಲಿಲ್ಲ ಅಲ್ವಾ?’

ನಾನು ತಪ್ಪಿಸಿಕೊಳ್ಳಲೆಂದು ಬಾಗಿಲು ತೆರೆದು ಹಿಡಿದಿದ್ದಳು. ಇಲ್ಲ ಕಣೇ, ಆಗಿರಲಿಲ್ಲ ಎಂದರೆ ಮುಗಿಯಿತು. ನಾನು ತಿಳಿಯದವಳು ಆಗುತ್ತೇನೆ, ಕೆಟ್ಟವಳು ಆಗುವುದಿಲ್ಲ. ಅವಳು ಕ್ಷಮಿಸುತ್ತಾಳೆ, ಬಹುಶಃ ಕ್ಷಮಿಸಿಯೂ ಆಗಿತ್ತು. ಒಳ್ಳೆಯವಳೊಬ್ಬಳು ಪಶ್ಚಾತ್ತಾಪದಿಂದ ನಿಜ ಹೇಳಿದಳು ಎಂದು ಯಾರೂ ತಿಳಿಯಬೇಡಿ. ಇವಳಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ ಎಂದು ಇವಳ ಮುಂದೆ ಒಪ್ಪಿಕೊಳ್ಳುವುದೇ? ಅದಕ್ಕಿಂತ ಕೆಟ್ಟವಳಾಗುವುದೇ ವಾಸಿ ಅನ್ನಿಸಿತು.

‘ಆಗಿತ್ತು’ ಎಂದೆ. ‘ಪೂರ್ತಿ ಅರ್ಥ ಆಗಿತ್ತು.’

ಗೋಂದಿನ ಕುಂಚ ಬಟ್ಟಲ ಅಂಚಿನಲ್ಲಿ ನಿಂತಿತು. ಈಗ ಅಳುತ್ತಾಳೆ, ಈಗ ಬೈಯುತ್ತಾಳೆ, ಎದ್ದು ನೇರ ಯಜಮಾನರ ಕೋಣೆಗೆ ಹೋಗುತ್ತಾಳೆ ಎಂದು ಕಾದೆ. ಹೋಗಲಿ ಎಂದೂ ಅನ್ನಿಸಿತು. ಅವಳು ತಲೆಯೆತ್ತಿದಳು. ತಿಂಗಳಿಂದ ಕಳೆಗುಂದಿದ್ದ ಆ ಮುಖ, ಕನ್ನಡಕದ ಹಿಂದೆ, ನನ್ನ ಕಣ್ಣೆದುರಿಗೇ ತಿಳಿಯಾಯಿತು.

‘ಅಬ್ಬ’ ಎಂದಳು. ‘ನನಗೇ ಸರಿಯಾಗಿ ಹೇಳೋಕೆ ಬರಲಿಲ್ಲ ಅಂತ ಇಷ್ಟು ದಿನ ಕೊರಗ್ತಾ ಇದ್ದೆ ಅಕ್ಕಾ.’

ಮುಂದಿನ ಚೀಟಿ ತೆಗೆದುಕೊಂಡು ಗೋಂದು ಸವರಿ ನನ್ನ ಕೈಗೆ ಕೊಟ್ಟಳು. ಅವಳ ಕೈ ಹಗುರವಾಗಿತ್ತು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಯಾವುದೋ ರಾಗ ಗುನುಗತೊಡಗಿದಳು. ಕುರ್ಚಿ ನನ್ನದಾಗಿತ್ತು. ನಾನು ಚೀಟಿಯನ್ನು ಒತ್ತುತ್ತಾ, ಆ ಗುನುಗನ್ನು ಕೇಳುತ್ತಾ, ಅವಳ ಆ ನೆಮ್ಮದಿಯೂ ನನಗೇ ಬೇಕು ಎಂದು ಹೊಟ್ಟೆ ಉರಿದುಕೊಂಡು ಕೂತಿದ್ದೆ.